ಇನ್ನೂರ ಹತ್ತು ಸಲ ಕ್ಷಮೆ ಕೇಳಿದ ನೆಗಿಶಿ

ನೆಗಿಶಿಯವರು ನಮ್ಮ ಬೀದಿಗೆ ಬಂದ ಮೊದಲ ನಾಲ್ಕು ತಿಂಗಳು ಅವರನ್ನು ನಾನು ಜಪಾನಿನಿಂದ ತಲೆಮರೆಸಿಕೊಂಡು ಬಂದ ಆರೋಪಿ ಎಂದೇ ತಿಳಿದಿದ್ದೆ. ಹಾಗೆ ತಿಳಿಯಲು ನನ್ನ ಬಳಿ ಸಾಕ್ಷ್ಯವಿತ್ತು. ಸಾಕ್ಷ್ಯವಿಲ್ಲದೆ ನಾನು ಯಾರನ್ನೂ ಅನುಮಾನಿಸುವವನಲ್ಲ. ಸಾಕ್ಷ್ಯವನ್ನು ಪೂರ್ತಿ ನೋಡುವವನೂ ಅಲ್ಲ.

ನಾನು ಆಸ್ಟಿನ್ನಿನ ಒಂದು ಚಿಪ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅಲ್ಲಿ ವರ್ಷಕ್ಕೊಮ್ಮೆ ಗುಣಮಟ್ಟದ ಬಗ್ಗೆ ಒಂದು ಗಂಟೆಯ ಕಡ್ಡಾಯ ವಿಡಿಯೊ ನೋಡಬೇಕು. ಅದನ್ನು ನಾನು ಎರಡು ಪಟ್ಟು ವೇಗದಲ್ಲಿ, ದನಿ ಬಂದ್ ಮಾಡಿ, ಊಟದ ಡಬ್ಬಿ ಖಾಲಿಯಾಗುವಷ್ಟರಲ್ಲಿ ಮುಗಿಸುತ್ತೇನೆ. ಆ ವರ್ಷದ ವಿಡಿಯೊದಲ್ಲಿ ಒಂದು ಉದ್ದನೆಯ ಮೇಜು, ಅದರ ಮೇಲೆ ಮೈಕುಗಳು, ಹಿಂದೆ ಕಪ್ಪು ಸೂಟಿನ ಮೂವರು ಜಪಾನೀಯರು. ನಡುವಿನವರು ಎದ್ದು ನಿಂತು ಸೊಂಟದಿಂದ ಬಗ್ಗಿದರು. ಬಗ್ಗಿದವರು ಬಗ್ಗಿಯೇ ಇದ್ದರು. ಕ್ಯಾಮೆರಾಗಳು ಮಿಂಚಿದವು. ಎರಡು ಪಟ್ಟು ವೇಗದಲ್ಲಿ ನೋಡುತ್ತಿದ್ದರೂ ಅದು ಬೇಗ ಮುಗಿಯಲಿಲ್ಲ. ಕೊನೆಗೆ ಅವರು ತಲೆ ಎತ್ತಿದಾಗ ಆ ಮುಖದಲ್ಲಿದ್ದ ಸಂಕಟ ನೋಡಿ ನನ್ನ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿಯಿತು. ಏನೋ ಬಿಡಿಭಾಗ ಕಳಪೆಯಾಗಿತ್ತು, ಯಾರಿಗೋ ಪೆಟ್ಟಾಗಿತ್ತು, ಇವರು ಅದರ ಮುಖ್ಯಸ್ಥರು ಎಂದು ನಾನೇ ಕಥೆ ಪೂರ್ತಿ ಮಾಡಿಕೊಂಡೆ.

ಮುಂದಿನ ತಿಂಗಳು ಅದೇ ಮುಖ ಆಸ್ಟಿನ್ನಿನ ಪಕ್ಕದ ನಮ್ಮೂರು ಸೀಡರ್ ಪಾರ್ಕಿನಲ್ಲಿ, ನಮ್ಮಿಂದ ಮೂರನೇ ಮನೆಯ ಮುಂದೆ, ಬಟ್ಟೆಯ ಟೋಪಿ ಹಾಕಿಕೊಂಡು ಹುಲ್ಲಿಗೆ ನೀರು ಬಿಡುತ್ತಿತ್ತು.

ಆ ಮನೆ ಮೈಸೂರಿನ ಕೌಸ್ತುಭನದು. ಆಸ್ಟಿನ್ನಿನ ಡೊಮೇನ್ ಎಂಬ ಬಡಾವಣೆಯಲ್ಲಿ ಅವನ ಆಫೀಸು. ಹೆಂಡತಿ ಹರುಮಿ, ಜಪಾನಿನವಳು. ನೀರು ಬಿಡುತ್ತಿದ್ದವರು ಅವಳ ತಂದೆ, ಇಸಾಮು ನೆಗಿಶಿ, ಎಪ್ಪತ್ತಮೂರು ವರ್ಷ, ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬಂದವರು. ಇಷ್ಟನ್ನು ಎಲ್ಲರೂ ಬಲ್ಲರು. ಉಳಿದದ್ದನ್ನು ನಾನೊಬ್ಬನೇ ಬಲ್ಲೆ ಎಂಬುದು ನನ್ನ ಎದೆಯಲ್ಲಿ ಒಂದು ತೂಕವಾಗಿ ಕೂತಿತು. ಇದನ್ನು ಯಾರಿಗೂ ಹೇಳಬಾರದು ಎಂದು ನಿರ್ಧರಿಸಿದೆ. ನನ್ನ ಹೆಂಡತಿ ಶಕುಂತಲಾಗೆ ಹೇಳಿದೆ. ಆಮೇಲೆ ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿ ಇನ್ನೂ ಐದು ಜನಕ್ಕೆ ಹೇಳಿದೆ.

ಸಂಜೆ ವಾಕಿಂಗಿನಲ್ಲಿ ನಾನೇ ಅವರ ಜೊತೆಯಾದೆ. ಒಬ್ಬ ನೊಂದ ಮನುಷ್ಯನಿಗೆ ಸಾಂತ್ವನ ಹೇಳಬಲ್ಲವನು ಬೇಕು, ಆ ಯೋಗ್ಯತೆ ನಮ್ಮ ಬೀದಿಯಲ್ಲಿ ಬೇರೆ ಯಾರಿಗಿದೆ ಎಂಬ ಭಾವನೆ. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅವರ ಇಂಗ್ಲಿಷ್ ಚಿಕ್ಕದು, ನನ್ನದು ಉದ್ದ.

"ತಪ್ಪು ಎಲ್ಲರೂ ಮಾಡ್ತಾರೆ. ಒಪ್ಪಿಕೊಳ್ಳೋದು ದೊಡ್ಡದು. ನೀವು ಒಪ್ಪಿಕೊಂಡ್ರಿ," ಎಂದೆ ಒಂದು ದಿನ.

"ಹೌದು. ಬಹಳ ಸಲ," ಎಂದರು ನೆಗಿಶಿ.

"ಬಹಳ ಸಲ ಅಂದ್ರೆ?"

ಅವರು ನಾಲ್ಕು ಹೆಜ್ಜೆ ಯೋಚಿಸಿ, "ಇನ್ನೂರ ಹತ್ತು," ಎಂದರು.

ಆ ದಿನ ನಾನು ವಾಕಿಂಗನ್ನು ಬೇಗ ಮುಗಿಸಿದೆ. ಮನೆಗೆ ಬಂದು ಹೇಳಿದರೆ ಶಕುಂತಲಾ ತರಕಾರಿ ಹೆಚ್ಚುವುದನ್ನು ನಿಲ್ಲಿಸಲೇ ಇಲ್ಲ.

"ಇನ್ನೂರ ಹತ್ತು ಹಗರಣ ಮಾಡಿದೋರಿಗೆ ವೀಸಾ ಕೊಡ್ತಾರೇನ್ರೀ? ನಮ್ಮಮ್ಮನ ಫೋಟೋದಲ್ಲಿ ಒಂದು ಕಿವಿ ಕಾಣಲಿಲ್ಲ ಅಂತ ಆರು ತಿಂಗಳು ಕೂರಿಸಿದ್ರು."

ಕೌಸ್ತುಭನ ಮಗುವಿನ ಹುಟ್ಟುಹಬ್ಬದ ದಿನ ನಾನು ಅವನನ್ನು ಗರಾಜಿನ ಕಡೆಗೆ ಕರೆದುಕೊಂಡು ಹೋಗಿ, ಭುಜದ ಮೇಲೆ ಕೈಯಿಟ್ಟು, "ನಿಮ್ಮ ಮಾವನವರ ವಿಷಯ ನನಗೆ ಗೊತ್ತಪ್ಪ. ನನ್ನಿಂದ ಆಚೆ ಹೋಗಲ್ಲ," ಎಂದೆ.

"ಯಾವ ವಿಷಯ ಅಂಕಲ್?"

"ಅದೇ, ಪ್ರೆಸ್ ಮೀಟು. ಕ್ಷಮೆ ಕೇಳಿದ್ದು."

"ಯಾವ್ದು? ಬ್ಯಾಂಕಿಂದಾ, ಆಸ್ಪತ್ರೇದಾ, ತೋಫು ಫ್ಯಾಕ್ಟರೀದಾ?"

ನಾನು ಗುಣಮಟ್ಟದ ವಿಡಿಯೊ ಎಂದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿ, ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂತುಬಿಟ್ಟ. ನಗು ನಿಂತ ಮೇಲೆ ಹೇಳಿದ: "ಅಂಕಲ್, ಮಾವ ಆ್ಯಕ್ಟರು. ಅದು ಸೀರಿಯಲ್ಲು. ವಿಡಿಯೊ ಶುರುವಿನಲ್ಲೇ ಹಾಕಿರ್ತಾರಲ್ಲ, ಇದು ನಾಟಕದ ದೃಶ್ಯ ಅಂತ."

ಶುರುವನ್ನು ನಾನು ನೋಡಿರಲಿಲ್ಲ. ಐದೇ ನಿಮಿಷದಲ್ಲಿ ವಿಷಯ ಕೇಕಿನ ಸುತ್ತ ನಿಂತವರಿಗೆಲ್ಲ ತಲುಪಿತು. ನಾನು ಆಣೆ ಮಾಡಿಸಿದ್ದ ಐದೂ ಜನ ಅಲ್ಲೇ ಇದ್ದರು.

ಅಲ್ಲಿಂದ ಮುಂದೆ ಅವರ ಕಥೆ ತುಣುಕು ತುಣುಕಾಗಿ ನನಗೆ ಸಿಕ್ಕಿತು. ನೆಗಿಶಿ ಹುಟ್ಟಿದ್ದು ಚಮಚ, ಫೋರ್ಕು ತಯಾರಿಸುವ ಒಂದು ಊರಿನಲ್ಲಿ. ಅಪ್ಪ ಚಮಚಕ್ಕೆ ಪಾಲಿಶ್ ಹಾಕುತ್ತಿದ್ದರು. ಹತ್ತೊಂಬತ್ತಕ್ಕೆ ಟೋಕಿಯೋಗೆ ಹೋಗಿ ಒಂದು ಸಣ್ಣ ನಾಟಕ ತಂಡ ಸೇರಿದರು. ಹೊಟ್ಟೆಪಾಡಿಗೆ ಲಾಂಡ್ರಿಯ ವ್ಯಾನು ಓಡಿಸಿದರು. ಇಪ್ಪತ್ತೇಳರಲ್ಲಿ ಟೀವಿಯಲ್ಲಿ ಮೊದಲ ಪಾತ್ರ: ನಾಯಕನ ಅಂಗಿಯ ಮೇಲೆ ಚಹಾ ಚೆಲ್ಲಿ ಕ್ಷಮೆ ಕೇಳುವ ಮಾಣಿ. ನಿರ್ದೇಶಕರು ನಾಯಕನನ್ನು ಬಿಟ್ಟು ಇವರನ್ನೇ ನೋಡಿ, "ಈ ಮನುಷ್ಯನ ಬೆನ್ನು ಸುಳ್ಳು ಹೇಳಲ್ಲ," ಎಂದರಂತೆ.

ಆ ಒಂದು ಮಾತು ನಲವತ್ತು ವರ್ಷ ಅವರಿಗೆ ಅನ್ನ ಹಾಕಿತು, ನಲವತ್ತು ವರ್ಷ ಅವರನ್ನು ಬಗ್ಗಿಸಿಯೂ ಇಟ್ಟಿತು. ಸೀರಿಯಲ್ಲಿನಲ್ಲಿ ಬ್ಯಾಂಕು ಮುಳುಗಿದರೆ ಮ್ಯಾನೇಜರ್ ನೆಗಿಶಿ. ರೈಲು ತಡವಾದರೆ ಸ್ಟೇಷನ್ ಮಾಸ್ಟರ್ ನೆಗಿಶಿ. ಶಾಲೆಯ ಊಟ ತಿಂದು ಮಕ್ಕಳಿಗೆ ವಾಂತಿಯಾದರೆ ಹೆಡ್‌ಮಾಸ್ಟರ್ ನೆಗಿಶಿ. ಸಿನಿಮಾದಲ್ಲಿ ಒಮ್ಮೆ ಮಂತ್ರಿಯೂ ಆದರು. ಮೊದಲ ದೃಶ್ಯದಲ್ಲೇ ರಾಜೀನಾಮೆ.

ಒಂದೊಂದಕ್ಕೂ ಒಂದೊಂದು ಬಗೆ. ಬ್ಯಾಂಕಿನವನು ಐದು ಎಣಿಸುವವರೆಗೆ ಬಗ್ಗಿರಬೇಕು. ಊಟ ಕೆಟ್ಟು ಜನ ಆಸ್ಪತ್ರೆ ಸೇರಿದ್ದರೆ ಒಂಬತ್ತು. ಹೆಡ್‌ಮಾಸ್ಟರ್ ಬಗ್ಗುವ ಮುಂಚೆ ಕನ್ನಡಕ ತೆಗೆಯಬೇಕು, ವೈದ್ಯ ತೆಗೆಯಬಾರದು. ನಿಜವಾಗಿ ತಪ್ಪು ಮಾಡಿದವನು ನಿಧಾನವಾಗಿ ತಲೆ ಎತ್ತುತ್ತಾನೆ. ಬೇರೆಯವರ ತಪ್ಪನ್ನು ಹೊತ್ತವನು ಅದಕ್ಕಿಂತ ನಿಧಾನ. ಇದನ್ನೆಲ್ಲ ಅವರು ಕೊತ್ತಂಬರಿ ಮಡಿಗೆ ನೀರು ಹಾಕುತ್ತ ಹೇಳುತ್ತಿದ್ದರು, ಬಡಗಿ ತನ್ನ ಉಳಿಗಳ ಬಗ್ಗೆ ಹೇಳುವ ಹಾಗೆ.

ಒಮ್ಮೆ ಟೋಕಿಯೋದ ಅಂಗಡಿಯಲ್ಲಿ ಒಬ್ಬ ಹೆಂಗಸು ಇವರನ್ನು ಗುರುತಿಸಿ, ಬ್ಯಾಂಕು ಮುಳುಗಿಸಿದ್ದಕ್ಕೆ ಅಲ್ಲೇ ತರಾಟೆಗೆ ತೆಗೆದುಕೊಂಡಳಂತೆ. ಇವರು ಬಗ್ಗಿ ಕ್ಷಮೆ ಕೇಳಿದರು.

"ಅದು ಸೀರಿಯಲ್ ಅಂತ ಹೇಳಬಹುದಿತ್ತಲ್ಲ?" ಎಂದೆ.

"ಅವಳ ಕೈಯಲ್ಲಿ ಮೊಟ್ಟೆ ಇತ್ತು," ಎಂದರು.

ಶಾಲೆಯಲ್ಲಿ ಹರುಮಿಯನ್ನು ಹುಡುಗರು ಸೋಮವಾರ ಸೋಮವಾರ ಕೇಳುತ್ತಿದ್ದರಂತೆ, ನಿನ್ನಪ್ಪ ಈ ವಾರ ಏನು ತಪ್ಪು ಮಾಡಿದ ಎಂದು. ಅದನ್ನು ಹೇಳುವಾಗ ಮಾತ್ರ ಅವರು ಪೈಪನ್ನು ನಿಲ್ಲಿಸಿದ್ದರು.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಬೇಡವೆಂದರೂ ಹೇಳುತ್ತೇನೆ. ನಮ್ಮ ಕನ್ನಡ ಕೂಟದಲ್ಲಿ ಅತಿಥಿ ಪರಿಚಯ ಎಂಬ ಕೆಲಸ ಹದಿನೆಂಟು ವರ್ಷದಿಂದ ನನ್ನದು. ಅತಿಥಿಗೆ ಶಾಲು ಹೊದಿಸುವ ಮುಂಚೆ ಅವರು ಯಾರು, ಎಲ್ಲಿ ಓದಿದರು, ಏನೇನು ಸಾಧಿಸಿದರು ಎಂದು ಸಭೆಗೆ ಹೇಳುವ ಕೆಲಸ. ಸಭೆ ಇದನ್ನು ನನ್ನ ಪರಿಚಯ ಎಂದೇ ಕರೆಯುತ್ತದೆ. ನಾನು ಮೈಕಿನ ಬಳಿ ಹೋದಾಗ ಹಿಂದಿನ ಸಾಲಿನವರು ಕಾಫಿಗೆ ಏಳುತ್ತಾರೆ. ಕಾಫಿ ಮುಗಿಸಿ ಬಂದಾಗ ನಾನಿನ್ನೂ ಅತಿಥಿಯ ಹೈಸ್ಕೂಲಿನಲ್ಲಿರುತ್ತೇನೆ. ಒಮ್ಮೆ ಹೂಸ್ಟನ್ನಿಂದ ಬಂದ ಹೃದಯ ವೈದ್ಯರೊಬ್ಬರು ತಮ್ಮ ಪರಿಚಯ ಮುಗಿಯುವಷ್ಟರಲ್ಲಿ ತುರ್ತು ಕರೆ ಬಂದು ಭಾಷಣ ಮಾಡದೆ ವಾಪಸು ಹೋದರು. ಸಭೆಯೇನೂ ಬೇಸರ ಮಾಡಿಕೊಳ್ಳಲಿಲ್ಲ. ಊಟ ಬೇಗ ಸಿಕ್ಕಿತ್ತು.

ಆ ವರ್ಷದ ರಾಜ್ಯೋತ್ಸವಕ್ಕೆ ನೆಗಿಶಿಯವರೇ ಅತಿಥಿಯಾಗಲಿ ಎಂದು ನಾನೇ ಪಟ್ಟು ಹಿಡಿದೆ. ನಾಲ್ಕು ತಿಂಗಳು ಆರೋಪಿ ಮಾಡಿದ್ದಕ್ಕೆ ಒಂದು ಪ್ರಾಯಶ್ಚಿತ್ತ. ಇನ್ನೂರ ಹತ್ತು ಕ್ಷಮಾಪಣೆಗಳಲ್ಲಿ ಮುಖ್ಯವಾದ ಮೂವತ್ತನ್ನು ಹದಿನಾಲ್ಕು ನಿಮಿಷಗಳಲ್ಲಿ ಪರಿಚಯಿಸಿದೆ. ಅವರ ತಲೆಗೆ ಮೈಸೂರು ಪೇಟ ಇಟ್ಟರು. ಅವರು ಎದ್ದು ಸಭೆಗೆ ಬಗ್ಗಿದರು. ಬೇರೆ ಯಾವ ಅತಿಥಿಯ ಪೇಟವಾದರೂ ಉರುಳಿ ಮೊದಲ ಸಾಲಿಗೆ ಬೀಳುತ್ತಿತ್ತು, ಇವರದು ಅಲುಗಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಅದರಲ್ಲಿ ಅರ್ಧ ನನ್ನ ಪರಿಚಯಕ್ಕೆ ಎಂದು ನಾನು ಲೆಕ್ಕ ಹಾಕಿಕೊಂಡೆ.

ಅದೇ ಸಭೆಯಲ್ಲಿದ್ದ ನಿಶಿತಾ ಎಂಬ ಹುಡುಗಿ ಅಂದಿನಿಂದ ಅವರ ಶಿಷ್ಯೆಯಾದಳು. ಧಾರವಾಡದವಳು, ಆಸ್ಟಿನ್ನಿನಲ್ಲಿ ಸಿನಿಮಾ ವಿಷಯದಲ್ಲಿ ಎಂ.ಎ. ಓದುತ್ತಿದ್ದಳು. ಫೆಬ್ರವರಿಯಲ್ಲಿ ಅವಳೇ ಒಂದು ಸುದ್ದಿ ತಂದಳು. ಡಲ್ಲಾಸಿನ ಕಡೆ ಒಂದು ಸಣ್ಣ ಸಿನಿಮಾ ಆಗುತ್ತಿದೆ; ಅದರಲ್ಲಿ ಗಿಡಗಳ ನರ್ಸರಿ ಇಟ್ಟುಕೊಂಡ ಒಬ್ಬ ಜಪಾನಿ ಮುದುಕನ ಪಾತ್ರವಿದೆ. ರಸ್ತೆ ಮಾಡುವ ಕಂಪನಿಗೆ ಅವನ ಜಾಗ ಬೇಕು. ಊರೆಲ್ಲ ಮಾರಿಬಿಟ್ಟಿದೆ, ಇವನೊಬ್ಬ ಒಪ್ಪಿಲ್ಲ. ನಿನ್ನಿಂದ ಎಲ್ಲರ ಕೆಲಸ ನಿಂತಿದೆ, ಊರಿನವರ ಕ್ಷಮೆ ಕೇಳು ಎಂದು ಅವನ ಮೇಲೆ ಎಲ್ಲರೂ ಬೀಳುತ್ತಾರೆ. ಮುದುಕ ನೆಟ್ಟಗೆ ನಿಂತು, "ಕ್ಷಮೆ ಕೇಳುವುದಿಲ್ಲ. ಹೋಗಿ," ಎನ್ನುತ್ತಾನೆ. ಒಟ್ಟು ಒಂಬತ್ತು ಸಾಲು ಮಾತು.

ನಿಶಿತಾ ತಂದುಕೊಟ್ಟ ಆ ದೃಶ್ಯದ ಮೂರು ಹಾಳೆಗಳನ್ನು ನೆಗಿಶಿ ಮೂರು ದಿನ ಓದಿದರು. ನಾಲ್ಕನೇ ದಿನ ಶಕುಂತಲಾ ಅಡುಗೆಮನೆಯ ಕಿಟಕಿಯಿಂದ ನನ್ನನ್ನು ಕರೆದಳು.

"ರೀ, ನೆಗಿಶಿಯವರು ಅರ್ಧ ಗಂಟೆಯಿಂದ ಅವರ ಹಿತ್ತಲಲ್ಲಿ ನಿಂತಿದಾರೆ."

"ಏನ್ ಮಾಡ್ತಿದಾರೆ?"

"ನಿಂತಿದಾರೆ ಅಂದ್ನಲ್ಲ."

ನಾನು ಹೋಗಿ ವಿಚಾರಿಸಿದೆ. ಅವರು ನಿಂಬೆಗಿಡದ ಕುಂಡದ ಪಕ್ಕ, ಎರಡೂ ಕೈ ಬಿಟ್ಟು, ಬೇಲಿಯನ್ನು ನೋಡುತ್ತ ನಿಂತಿದ್ದರು.

"ಆ ಮಾತು ಹೇಳುವಾಗ ನನ್ನ ಬೆನ್ನು ತಾನಾಗಿ ಬಗ್ಗುತ್ತದೆ," ಎಂದರು. "ಅದಕ್ಕೆ ಪಾಠ ಹೇಳುತ್ತಿದ್ದೇನೆ."

ಆಮೇಲೆ, ಅವರ ಲೆಕ್ಕಕ್ಕೆ ಬಹಳ ಉದ್ದವಾದ ಒಂದು ಮಾತು ಹೇಳಿದರು. "ನಲವತ್ತು ವರ್ಷ ಕೆಲಸ ಮಾಡಿದೆ. ಯಾರ ಎದುರಿಗೂ ನೇರವಾಗಿ ನಿಂತ ಪಾತ್ರ ಒಂದೂ ಇಲ್ಲ. ಹರುಮಿಗೆ ಒಂದನ್ನು ತೋರಿಸಬೇಕು. ಇದಾದರೆ ಸಾಕು."

"ಸಿಕ್ಕೇ ಸಿಗುತ್ತೆ," ಎಂದೆ. "ನಾನಿದೀನಲ್ಲ."

ಆಡಿಷನ್ ಇದ್ದದ್ದು ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚಿನಲ್ಲಿ, ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಕೌಸ್ತುಭನಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸು, ಹರುಮಿಗೆ ಶಿಫ್ಟು, ನಿಶಿತಾಗೆ ಪರೀಕ್ಷೆ. ಮೂರು ಗಂಟೆಯ ದಾರಿಗೆ ಕರೆದುಕೊಂಡು ಹೋಗುವವರು ಯಾರು ಎಂದು ಅವರು ಮಾತಾಡಿಕೊಳ್ಳುವ ಮುಂಚೆಯೇ ನಾನು ರಜೆ ಹಾಕಿ ಆಗಿತ್ತು. ಹಿಂದಿನ ದಿನ ನಿಶಿತಾ ನನ್ನನ್ನು ನಿಲ್ಲಿಸಿ ಬೆರಳು ಮಡಚಿ ಹೇಳಿದಳು.

"ಅಂಕಲ್, ಮೂರು ಮಾತು ನೆನಪಿಟ್ಕೋರಿ. ಒಂದು, ಕಾರಿನ್ಯಾಗ ಕೂಡ್ರಿ. ಎರಡು, ಒಳಗ ಹೋದ್ರೂ ಬಾಯಿ ತಗೀಬ್ಯಾಡ್ರಿ. ಮೂರು, ಯಾರಾದ್ರೂ ಕೇಳಿದ್ರ ಡ್ರೈವರ್ ಅನ್ರಿ."

"ಡ್ರೈವರ್? ನಾನು ಕೂಟದ ಮಾಜಿ ಉಪಾಧ್ಯಕ್ಷ."

"ಅದನ್ನಂತೂ ಹೇಳಾಕ ಹೋಗಬ್ಯಾಡ್ರಿ."

ದಾರಿಯುದ್ದಕ್ಕೂ ನಾನು ಅವರಿಗೆ ಅಭಿನಯದ ಬಗ್ಗೆ ಸಲಹೆ ಕೊಟ್ಟೆ. ನಾನು ಎರಡು ಸಾವಿರದ ಹದಿಮೂರರಲ್ಲಿ ಕೂಟದ ನಾಟಕದಲ್ಲಿ ಪೊಲೀಸ್ ಪೇದೆಯಾಗಿದ್ದೆ. ಟೆಂಪಲ್ ಎಂಬ ಊರು ದಾಟುವವರೆಗೆ ದನಿಯ ಏರಿಳಿತದ ಬಗ್ಗೆ, ವೇಕೋ ಬರುವವರೆಗೆ ಕಣ್ಣಿನ ಬಗ್ಗೆ ಹೇಳಿದೆ. ಹಿಲ್ಸ್‌ಬರೋದ ಬಳಿ ನಿಲ್ಲಿಸಿ ಶಕುಂತಲಾ ಕಟ್ಟಿಕೊಟ್ಟ ಮೊಸರನ್ನ ತಿಂದೆವು. ಅವರು ತಮ್ಮ ಜೇಬಿನ ಸಣ್ಣ ಡಬ್ಬಿಯಿಂದ ಉಪ್ಪಿನಲ್ಲಿ ಹಾಕಿದ ಒಂದು ಹುಳಿ ಹಣ್ಣು ತೆಗೆದು ಮೊಸರನ್ನದ ನಡುವೆ ಇಟ್ಟುಕೊಂಡರು, ನನಗೂ ಒಂದು ಕೊಟ್ಟರು. ಅದರ ಹುಳಿಗೆ ಸುಮಾರು ಹತ್ತು ಮೈಲಿ ನನ್ನ ಬಾಯಿ ತೆರೆಯಲಿಲ್ಲ. ಅವರು ಅದನ್ನು ಬೇಕೆಂದೇ ಕೊಟ್ಟರೇ ಎಂಬ ಸಂಶಯ ನನಗೆ ಇತ್ತೀಚೆಗೆ ಬರುತ್ತಿದೆ.

ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೂ ಇನ್ಶೂರೆನ್ಸ್ ಆಫೀಸಿಗೂ ನಡುವಿನ ಕೋಣೆಯಲ್ಲಿ ಆಡಿಷನ್. ಕಾರಿನಲ್ಲಿ ಬಿಸಿಲು ಎಂದು ನಾನು ಒಳಗೆ ಬಂದೆ, ಫೆಬ್ರವರಿಯ ಬಿಸಿಲು. ಬಾಗಿಲಿಗೆ ಗಾಜಿನ ಪಟ್ಟಿಯಿತ್ತು. ಅದರಲ್ಲಿ ನೋಡಿದೆ.

ನೆಗಿಶಿ ಕೋಣೆಯ ನಡುವೆ ನಿಂತಿದ್ದರು. ಎದುರಿಗೆ ಒಬ್ಬ ಯುವಕ ಕಾಗದ ಹಿಡಿದು ಕಂಪನಿಯವರ ಮಾತು ಓದುತ್ತಿದ್ದ. ಅವನು ದನಿ ಏರಿಸಿದ, ಬೆರಳು ತೋರಿಸಿದ. ನೆಗಿಶಿ ಅವನು ಮುಗಿಸುವವರೆಗೆ ಕಾದರು. ಆಮೇಲೆ ಒಂದು ಉಸಿರು ತೆಗೆದುಕೊಂಡು ಆ ಮಾತು ಹೇಳಿದರು. ಗಾಜಿನಾಚೆ ನನಗೆ ಕೇಳಲಿಲ್ಲ, ಆದರೆ ಓದುತ್ತಿದ್ದ ಯುವಕ ಒಂದು ಹೆಜ್ಜೆ ಹಿಂದೆ ಸರಿದದ್ದು ಕಂಡಿತು. ಅವನ ಕಾಗದದಲ್ಲಿ ಹಿಂದೆ ಸರಿಯಬೇಕೆಂದು ಬರೆದಿರಲಿಲ್ಲ ಎಂದು ಆಮೇಲೆ ತಿಳಿಯಿತು. ನೆಗಿಶಿಯವರ ಬೆನ್ನು ಕೂದಲೆಳೆಯಷ್ಟೂ ಬಗ್ಗಿರಲಿಲ್ಲ.

ನಿರ್ದೇಶಕಿ ಬಾಗಿಲವರೆಗೆ ಬಂದು ಅವರ ಕೈ ಹಿಡಿದು, ಬಹಳ ಚೆನ್ನಾಗಿತ್ತು, ಫೋನ್ ಮಾಡುತ್ತೇವೆ ಎಂದಳು. ಮೂವತ್ತು ದಾಟಿರದ, ಕ್ಯಾಪ್ ಹಾಕಿದ ಹುಡುಗಿ. ಅಷ್ಟಕ್ಕೆ ಮುಗಿಯಬೇಕಿತ್ತು. ಅವಳು ಸೌಜನ್ಯಕ್ಕೆ ನನ್ನ ಕಡೆ ತಿರುಗಿ, "ತಾವು?" ಎಂದಳು.

ಈ ಪ್ರಶ್ನೆಯನ್ನು ಆಸ್ಟಿನ್ನಿನ ಕನ್ನಡಿಗರು ನನಗೆ ಕೇಳುವುದನ್ನು ಎಷ್ಟೋ ವರ್ಷಗಳ ಹಿಂದೆಯೇ ನಿಲ್ಲಿಸಿದ್ದಾರೆ. ನಾನು ಎದ್ದೆ. ಅಂಗಿ ಸರಿಮಾಡಿಕೊಂಡೆ. ಕೈ ತಾನಾಗಿ ಎದುರಿಗೆ ಮೈಕನ್ನು ಹುಡುಕಿತು. ಡ್ರೈವರ್ ಎಂಬ ಶಬ್ದ ನಾಲಗೆಯ ತುದಿಯವರೆಗೆ ಬಂದಿತ್ತು. ಅದರ ಬದಲು ಹೊರಬಿದ್ದದ್ದು "ಇಂದು ನಮ್ಮ ನಡುವೆ ಇರುವ" ಎಂದು.

ಚಮಚದ ಊರಿನಿಂದ ಶುರುಮಾಡಿದೆ. ಮಾಣಿ, ಬ್ಯಾಂಕು, ರೈಲು, ತೋಫು. ಬೆನ್ನು ಸುಳ್ಳು ಹೇಳಲ್ಲ ಎಂಬ ಮಾತು. ನಮ್ಮ ಕಂಪನಿಯ ವಿಡಿಯೊ. ಇಡೀ ಜಪಾನಿನಲ್ಲಿ ಕ್ಷಮೆ ಕೇಳುವುದರಲ್ಲಿ ಇವರನ್ನು ಮೀರಿಸಿದವರಿಲ್ಲ ಎಂದು ಯಾರೂ ಹೇಳದ ಮಾತನ್ನೂ ಸೇರಿಸಿದೆ. ನೆಗಿಶಿ ನನ್ನ ತೋಳನ್ನು ಮೆಲ್ಲಗೆ ಮುಟ್ಟಿದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

"ಒಂದು ಮಾಡಿ ತೋರ್ಸಿ ಸಾರ್," ಎಂದೆ. "ಬ್ಯಾಂಕ್ ಮ್ಯಾನೇಜರ್ ಸಾಕು."

ಅವರು ನನ್ನ ಮುಖ ನೋಡಿದರು. ನಿರ್ದೇಶಕಿ ಆಸೆಯಿಂದ, "ತೊಂದರೆಯಿಲ್ಲದಿದ್ದರೆ," ಎಂದಳು. ನಿರ್ದೇಶಕರು ಕೇಳಿದ್ದನ್ನು ಮಾಡದೆ ಇರುವುದು ಅವರಿಗೆ ಗೊತ್ತಿರಲಿಲ್ಲ. ಅವರು ಆ ಬಾಗಿಲಲ್ಲೇ, ಆಡಿಷನ್ನಿನ ಸರದಿಗೆ ಕಾಯುತ್ತ ಕುರ್ಚಿಯಲ್ಲಿ ಕೂತಿದ್ದ ಇನ್ನಿಬ್ಬರು ಮುದುಕರ ಎದುರಿಗೆ, ಬಗ್ಗಿದರು. ಅವರು ತಲೆ ಎತ್ತಿದಾಗ ಕ್ಯಾಮೆರಾದ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಮುಂಚೆ ನಾನು.

ಒಳಗೆ ಹೋಗಿ ಪಿಸುಗುಟ್ಟಿ ಬಂದವರು ಹತ್ತು ನಿಮಿಷದಲ್ಲಿ ತೀರ್ಮಾನ ಹೇಳಿದರು. ಕಥೆಯ ಕೊನೆಯಲ್ಲಿ ಕಂಪನಿಯ ದೊಡ್ಡ ಅಧಿಕಾರಿ ಬಂದು ಆ ಮುದುಕನ ಕ್ಷಮೆ ಕೇಳುವ ದೃಶ್ಯವಿದೆ. ಅದಕ್ಕೆ ಯಾರೂ ಸರಿಹೋಗಿರಲಿಲ್ಲ. ಅದನ್ನು ನೀವೇ ಮಾಡಬೇಕು.

ನೆಗಿಶಿ ಮುದುಕನ ಮಾತಿನ ಮೂರು ಹಾಳೆಗಳನ್ನು ನಿರ್ದೇಶಕಿಯ ಕೈಗೆ ವಾಪಸು ಕೊಟ್ಟು, "ಥ್ಯಾಂಕ್ ಯೂ," ಎಂದರು.

ವಾಪಸು ಬರುವಾಗ ನಾನು ಆಕಾಶದಲ್ಲಿದ್ದೆ. ಹದಿನೆಂಟು ವರ್ಷದಲ್ಲಿ ನನ್ನ ಪರಿಚಯ ಭಾಷಣದಿಂದ ಯಾರಿಗಾದರೂ ಪ್ರಯೋಜನವಾದದ್ದು ಅದೇ ಮೊದಲು. ಶೂಟಿಂಗ್ ಹೂಸ್ಟನ್ನಿನಲ್ಲಿ, ದೊಡ್ಡ ಹೋಟೆಲಿನ ಸಭಾಂಗಣದಲ್ಲಿ, ಒಳ್ಳೆ ಸೂಟು ಕೊಡುತ್ತಾರೆ, ನರ್ಸರಿಯ ಮಣ್ಣಿನಲ್ಲಿ ನಿಲ್ಲುವ ತಾಪತ್ರಯವಿಲ್ಲ ಎಂದು ಒಂದೊಂದಾಗಿ ಎಣಿಸಿದೆ. ಅವರು ಪ್ರತಿಯೊಂದಕ್ಕೂ "ಹೌದು" ಎಂದರು. ಸೀಡರ್ ಪಾರ್ಕಿನಲ್ಲಿ ಇಳಿದು ನನ್ನ ಕಾರಿಗೆ ಬಗ್ಗಿ ಧನ್ಯವಾದ ಹೇಳಿದರು.

ಸಂಜೆ ನಿಶಿತಾಳ ಫೋನು.

"ಅಂಕಲ್, ಏನ್ ಮಾಡಿ ಬಂದ್ರಿ?"

"ರೋಲ್ ಕೊಡಿಸ್ಕೊಂಡು ಬಂದೆ."

"ಯಾವ ರೋಲ್ ಕೊಡಿಸಿದ್ರಿ ಅಂತ ಗೊತ್ತೈತೇನ್ರಿ? ಡೈರೆಕ್ಟರ್ ನಂಗ ಮೆಸೇಜ್ ಹಾಕ್ಯಾಳ. ಮುದುಕನ ಪಾತ್ರ ಇವರಿಗೇ ಅಂತ ಮೊದಲನೇ ನಿಮಿಷದಾಗ ಗಟ್ಟಿ ಆಗಿತ್ತಂತ. ಆಮ್ಯಾಲೆ ಇವರ ಮ್ಯಾನೇಜರ್ ಯಾರೋ ಒಬ್ಬರು ಎದ್ದು ನಿಂತು ಭಾಷಣ ಮಾಡಿದ್ರಂತ. ನಿಂತುಕೊಳ್ಳಾವ್ರು ಬ್ಯಾರೆ ಸಿಗ್ತಾರ, ಹಿಂಗ ಬಗ್ಗಾವ್ರು ಸಿಗಂಗಿಲ್ಲ ಅಂತ ಬದಲು ಮಾಡಿದ್ರಂತ."

ನಾನು ಏನೂ ಹೇಳಲಿಲ್ಲ. "ಅಂಕಲ್, ಲೈನ್ ಮ್ಯಾಲೆ ಅದೀರೇನ್ರಿ?" ಎಂದಳು. ನಾನು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವಳು ಕೇಳಿರಲಿಲ್ಲ.

ನಿಂಬೆಗಿಡದ ಪಕ್ಕ ಅವರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಪೆದ್ದುತನ ಎನ್ನಬಹುದಿತ್ತು. ಗೊತ್ತಿದ್ದೂ, ಒಂದು ಕೋಣೆಯಲ್ಲಿ ಆರು ಜನ ನನ್ನ ಕಡೆ ನೋಡುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಮರೆತೆ.

"ಹೋಗಿ ತಪ್ಪಾಯ್ತು ಅನ್ನಿ," ಎಂದಳು ಶಕುಂತಲಾ. "ಒಂದೇ ಮಾತು. ತಪ್ಪಾಯ್ತು ಅಂತ. ಅಷ್ಟೇ ಹೇಳಿ ಬನ್ನಿ."

ಹೋದೆ. ಕ್ಷಮೆ ಕೇಳುವುದರಲ್ಲಿ ನಲವತ್ತು ವರ್ಷ ಪಳಗಿದವರ ಎದುರಿಗೆ ಕ್ಷಮೆ ಕೇಳುವುದು ಪುರೋಹಿತರಿಗೆ ಪೂಜೆ ಮಾಡಿಸಿದ ಹಾಗೆ. ಅವರು ಸೋಫಾದಲ್ಲಿ ಕೂತು ಕೇಳಿದರು. ನನ್ನ ಉದ್ದೇಶ, ಅದರ ಹಿನ್ನೆಲೆ, ಕೂಟದಲ್ಲಿ ನನ್ನ ಹದಿನೆಂಟು ವರ್ಷದ ಅಭ್ಯಾಸ, ನಮ್ಮ ತಂದೆಯವರಿಗೂ ಇದ್ದ ಇದೇ ಗುಣ, ಎಲ್ಲ ಬಂದವು. ಹರುಮಿ ಎರಡು ಸಲ ಚಹಾ ತಂದಳು. ಕೊನೆಗೆ ಬಗ್ಗಿದೆ, ಮೂರು ಎಣಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ನನ್ನನ್ನು ನೆಟ್ಟಗೆ ಮಾಡಲು ನೆಗಿಶಿಯವರೂ ಕೌಸ್ತುಭನೂ ಎರಡು ಕಡೆಯಿಂದ ಹಿಡಿಯಬೇಕಾಯಿತು.

ಆ ಅಧಿಕಾರಿಯ ಪಾತ್ರವನ್ನು ಬಿಟ್ಟುಬಿಡಿ ಎಂದು ಹರುಮಿ ಅಪ್ಪನಿಗೆ ಹೇಳಿದಳಂತೆ. "ಮಾತು ಕೊಟ್ಟಿದ್ದೇನೆ," ಎಂದರಂತೆ ಅವರು.

ಏಪ್ರಿಲಿನಲ್ಲಿ ಹೂಸ್ಟನ್ನಿಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಅವರು ಬಸ್ಸಿನಲ್ಲಿ ಹೋಗುತ್ತೇನೆಂದರು. ನಾನು ಡ್ರೈವರ್ ಎಂದು ಬರೆದ ಒಂದು ಚೀಟಿಯನ್ನು ಅಂಗಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತ ಮೇಲೆ ಒಪ್ಪಿದರು. ಅಂದು ಬೆಳಗಿನಿಂದ ಮೂರು ಗಂಟೆಯವರೆಗೆ ಹೋಟೆಲಿನ ಪಾರ್ಕಿಂಗಿನಲ್ಲಿ ಕಾರಿನಲ್ಲೇ ಕೂತಿದ್ದೆ. ಪಕ್ಕದ ಕಾರಿನವನು ಟೈಮ್ ಎಷ್ಟು ಎಂದು ಕೇಳಿದರೂ ಕೈಗಡಿಯಾರ ತೋರಿಸಿದೆನೇ ಹೊರತು ಬಾಯಿ ಬಿಡಲಿಲ್ಲ.

ಒಳಗೆ ನಡೆದದ್ದನ್ನು ಸೆಟ್ಟಿನಲ್ಲಿ ಸಹಾಯಕ್ಕಿದ್ದ ನಿಶಿತಾ ಹೊರಗೆ ಬಂದು ಹೇಳಿದಳು. ಮುದುಕನ ಪಾತ್ರಕ್ಕೆ ಬಂದವರು ಹೂಸ್ಟನ್ನಿನ ಒಬ್ಬ ನಿವೃತ್ತ ಮೇಷ್ಟರು, ಹಿಂದೆ ಕ್ಯಾಮೆರಾ ಕಂಡವರಲ್ಲ. ನೆಗಿಶಿ ಬಗ್ಗಿದ ಕೂಡಲೇ ಆ ಮೇಷ್ಟರೂ ಮರ್ಯಾದೆಗೆ ಬಗ್ಗಿಬಿಡುತ್ತಿದ್ದರಂತೆ. ಏಳು ಸಲ ತೆಗೆದರೂ ಹಾಗೇ ಆಯಿತು. ಊಟದ ವಿರಾಮದಲ್ಲಿ ನೆಗಿಶಿ ಅವರನ್ನು ಒಂದು ಮೂಲೆಗೆ ಕರೆದುಕೊಂಡು ಹೋಗಿ ನಿಲ್ಲುವುದನ್ನು ಹೇಳಿಕೊಟ್ಟರಂತೆ. ಹಿಮ್ಮಡಿಯ ಮೇಲೆ ಭಾರ ಎಲ್ಲಿ ಬಿಡಬೇಕು, ಕೈಯನ್ನು ಏನು ಮಾಡಬೇಕು, ಉಸಿರು ಯಾವಾಗ, ಎಲ್ಲವನ್ನೂ.

"ಎಂಟನೇ ಸಲ ಆ ಮೇಷ್ಟ್ರು ನಿಂತ್ರು ನೋಡ್ರಿ ಅಂಕಲ್," ಎಂದಳು ನಿಶಿತಾ, "ನೆಗಿಶಿ ಮಾವನೇ ಎರಡು ಕಡೆ ನಿಂತಂಗಿತ್ತು." ಆಮೇಲೆ ನನ್ನ ಕಡೆ ನೋಡದೆ, "ಇದನ್ನ ಎಲ್ಲೂ ಭಾಷಣದಾಗ ಹೇಳಬ್ಯಾಡ್ರಿ," ಎಂದಳು. ನಾನು ಬರೆಯುತ್ತಿದ್ದೇನೆ, ಹೇಳುತ್ತಿಲ್ಲ.

ವಾಪಸಿನ ದಾರಿಯಲ್ಲಿ ನಾನು ಬ್ರೆನ್‌ಹ್ಯಾಮ್ ದಾಟುವವರೆಗೆ ತುಟಿ ಬಿಚ್ಚಲಿಲ್ಲ. ರಸ್ತೆಯ ಎರಡೂ ಕಡೆ ನೀಲಿ ಕಾಡುಹೂವು ಹರಡಿತ್ತು. ಜನ ಕಾರು ನಿಲ್ಲಿಸಿ ಮಕ್ಕಳನ್ನು ಅದರ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನೆಗಿಶಿ ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ ಹೂವು ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಧೈರ್ಯ ಕೊಟ್ಟಿತು. ನನಗೆ ಉತ್ತರ ಮೊದಲೇ ಗೊತ್ತಿತ್ತು, ನಿಶಿತಾ ಹೇಳಿಯಾಗಿತ್ತು. ಆದರೂ, ಇಷ್ಟು ಸಭ್ಯ ಮನುಷ್ಯ, ಮೊಟ್ಟೆ ಹಿಡಿದ ಹೆಂಗಸಿನ ಮನಸ್ಸನ್ನೂ ನೋಯಿಸದವರು, ನನಗೊಂದು ಸಮಾಧಾನದ ಮಾತು ಹೇಳದೆ ಇರುತ್ತಾರೆಯೇ ಎಂದು ಆಸೆಪಟ್ಟೆ. ಸಿನಿಮಾದವರ ಮನಸ್ಸು ಯಾರಿಗೆ ಗೊತ್ತು, ಎಲ್ಲ ಹಣೆಬರಹ, ನಿಮ್ಮದೇನಿದೆ ತಪ್ಪು, ಇಂಥದ್ದು ಯಾವುದಾದರೂ ಸಾಕಿತ್ತು.

"ನೆಗಿಶಿಯವರೇ," ಎಂದೆ, "ನಿಜ ಹೇಳಿ. ಅವತ್ತು ಡಲ್ಲಾಸಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ, ಆ ಮುದುಕನ ಪಾತ್ರ ನಿಮಗೇ ಸಿಗ್ತಿತ್ತಾ?"

"ಸಿಗ್ತಿತ್ತು," ಎಂದರು ನೆಗಿಶಿ.